ಮೈಕ್ ಕೆಟ್ಟಿದೆ

ಏಳು ವರ್ಷದ ಮೇಲೆ ಮಗಳು ಫೋನ್ ಮಾಡಿದ ದಿನಕ್ಕೆ ಬಣ್ಣದ ಮೇಷ್ಟ್ರ ಫೋನಿನ ಮೈಕ್ ಕೆಟ್ಟು ಐದು ತಿಂಗಳಾಗಿತ್ತು. ಆ ಐದು ತಿಂಗಳಲ್ಲಿ ಒಂದು ಸಲವೂ ಅವರಿಗೆ ಅದರ ಅಗತ್ಯ ಬಿದ್ದಿರಲಿಲ್ಲ.

ಪೇಂಟ್ ಅಂಗಡಿಯ ಹಿಂಬದಿಯಲ್ಲಿ, ಡಬ್ಬಗಳ ನಡುವಿನ ಸ್ಟೂಲೇ ಮೇಷ್ಟ್ರ ಜಾಗ. ಗಿರಾಕಿಯ ಮನೆಗೆ ಹೋಗಿ ಹಳೆಯ ಗೋಡೆಯ ಫೋಟೋ ತೆಗೆದುಕೊಂಡು ಬಂದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಬಣ್ಣ ಕಲಸಿಕೊಡುತ್ತಿದ್ದರು. ಪಾಠ ಹೇಳದಿದ್ದರೂ ಮೇಷ್ಟ್ರಾದದ್ದು ಹಾಗೆ. ಫೋನಿಗಂತೂ ವಯಸ್ಸಾಗಿತ್ತು. ಊಟದ ಹೊತ್ತಿಗೆ ಚಾರ್ಜ್ ಖಾಲಿ, ಬಿಸಿಲಿಗೆ ಹಿಡಿದರೆ ಕಾದು ತಾನಾಗಿಯೇ ಆಫ್, ಒಂದು ಮೂಲೆಯ ಗಾಜು ಚೂರು ಚೂರು. ಆದರೆ ಅದರ ಕ್ಯಾಮೆರಾ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು. ಎದುರಿನ ಮೊಬೈಲ್ ರಿಪೇರಿಯವನು ಒಮ್ಮೆ ಹೊಸ ಫೋನೊಂದನ್ನು ಕೈಗಿಟ್ಟಾಗ ಮೇಷ್ಟ್ರು ಮಾಸಿದ ಗೋಡೆಯ ಫೋಟೋ ತೆಗೆದು ನೋಡಿ, “ಇದು ಗೋಡೆಗೂ ಪೌಡರ್ ಹಚ್ಚುತ್ತಲ್ಲಯ್ಯ,” ಎಂದು ವಾಪಸ್ ಕೊಟ್ಟಿದ್ದರು.

“ಹಳೇದಕ್ಕೆ ಮೈಕ್ ಹಾಕ್ಬೇಕಂದ್ರೆ ಪೂರ್ತಿ ಬಿಚ್ಚಬೇಕು. ಕ್ಯಾಮೆರಾ ಹೋದ್ರೂ ಹೋಗಬಹುದು.”

“ಹಾಗಾದ್ರೆ ಬೇಡ ಬಿಡು. ನನ್ನ ಹತ್ರ ಮಾತಾಡೋರು ಯಾರಿದ್ದಾರೆ,” ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ.

ಈಗ ಅದೇ ಫೋನಿನಲ್ಲಿ ಮಗಳ ದನಿ. “ಅಪ್ಪ, ನಾನು. ಚಿಕ್ಕವಳಿದ್ದಾಗ ನನ್ನ ರೂಮಿಗೆ ಒಂದು ಹಸಿರು ಹಚ್ಚಿದ್ರಲ್ಲ, ಅದು ಎಲ್ಲೂ ಸಿಗ್ತಿಲ್ಲ. ಮಗಳ ರೂಮಿಗೆ ಬೇಕಿತ್ತು.”

ತಮಗೊಬ್ಬಳು ಮೊಮ್ಮಗಳಿದ್ದಾಳೆಂದು ಮೇಷ್ಟ್ರಿಗೆ ಗೊತ್ತಾದದ್ದು ಹೀಗೆ. “ಕಲಸಿಕೊಡ್ತೀನಿ, ಇರು, ಇಡಬೇಡ,” ಎಂದು ಕೂಗಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೇಳಬೇಕಾದವಳಿಗೆ ಮಾತ್ರ ಕೇಳಲಿಲ್ಲ.

“ಅಪ್ಪ?” ಅವಳು ಇನ್ನೆರಡು ಸಲ ಕರೆದಳು. “ಇನ್ನೂ ಹಾಗೇ ಇದ್ದೀರಿ. ಸರಿ ಬಿಡಿ.” ಫೋನ್ ಕಟ್ಟಾಯಿತು.

ಹಾಗೇ ಎಂದರೆ ಹೇಗೆ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ತಮಗೆ ಒಪ್ಪಿಗೆಯಿಲ್ಲದವನನ್ನು ಅವಳು ಮದುವೆಯಾದ ಬೆಳಿಗ್ಗೆ ಇದೇ ಫೋನಿಗೆ ಕರೆ ಮಾಡಿದ್ದಳು. ಮೇಷ್ಟ್ರು ಅದನ್ನು ಕಿವಿಗಿಟ್ಟುಕೊಂಡು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಅವಳು ಹಲೋ ಹಲೋ ಎಂದು ಅತ್ತು ಸುಮ್ಮನಾದ ಮೇಲೆ ಒಂದು ಮೆಸೇಜ್ ಕಳಿಸಿದ್ದರು: “ಮೈಕ್ ಕೆಟ್ಟಿದೆ.” ಆಗ ಫೋನ್ ಕೈಗೆ ಬಂದು ಇನ್ನೂ ಮೂರೇ ವಾರ. ಅಪ್ಪನ ಕೆಲಸಕ್ಕಾಗುತ್ತದೆ ಎಂದು ಕ್ಯಾಮೆರಾ ನೋಡಿ ನೋಡಿ ಆರಿಸಿ, ಮೊದಲ ಸಂಬಳದಲ್ಲಿ ಅದನ್ನು ಕೊಡಿಸಿದವಳು ಅವಳೇ.

ಅಂಗಡಿಯ ಫೋನಿನತ್ತ ಮೇಷ್ಟ್ರ ಕೈ ಹೋಯಿತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಹಿಂದೆ ಬಂತು. ಮೆಸೇಜ್ ಬರೆಯುವುದೇ ವಾಸಿ ಎನಿಸಿತು. ‘ಮೈಕ್ ಕೆಟ್ಟಿದೆ’ ಎಂದು ಟೈಪ್ ಮಾಡಿ, ಕಳಿಸುವ ಮುಂಚೆ ನೋಡಿದರೆ, ಅದರ ಮೇಲೆಯೇ ಏಳು ವರ್ಷದ ಹಿಂದಿನದು ಕೂತಿತ್ತು. ಅವೇ ಎರಡು ಪದ. ನಡುವೆ ಬೇರೇನೂ ಇರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿದರು.

ಆ ಹಸಿರಿಗೆ ಪೇಂಟ್ ಕಂಪನಿಯ ಶೇಡ್ ನಂಬರ್ ಇರಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಪಕ್ಕದಲ್ಲೇ ನಿಂತು, ಇದಲ್ಲ, ಇದೂ ಅಲ್ಲ ಎಂದು ಹಟ ಮಾಡಿ ಕಲಸಿಸಿಕೊಂಡದ್ದು. ಬಿಳಿಗೆ ಹಸಿರು, ಸ್ವಲ್ಪ ಹಳದಿ, ಕೊನೆಗೆ ಎರಡೇ ಹನಿ ಕಪ್ಪು, ಕೈ ಮರೆತಿರಲಿಲ್ಲ. ಒಂದು ಹಲಗೆ ಚೂರಿಗೆ ಬಳಿದು, ಒಣಗಲು ಬಿಟ್ಟು, ಬಾಗಿಲ ಬೆಳಕಿಗೆ ಹಿಡಿದು ಫೋಟೋ ತೆಗೆದು ಕಳಿಸಿದರು. ಉತ್ತರ ಬರುವವರೆಗೂ ಹಲಗೆಯನ್ನು ಕೈಯಲ್ಲೇ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

“ಇದೇ ಬಣ್ಣ,” ಎಂದು ಬಂತು. ಅದರ ಕೆಳಗೆ ಇನ್ನೊಂದು: “ಆ ಮೈಕ್ ಇನ್ನೂ ರಿಪೇರಿ ಆಗಿಲ್ವಾ?”

ಮೇಷ್ಟ್ರು ರಸ್ತೆ ದಾಟಿ ರಿಪೇರಿಯವನ ಮುಂದೆ ಫೋನ್ ಇಟ್ಟರು. “ಮೈಕ್ ಹಾಕು.”

“ಕ್ಯಾಮೆರಾ ಹೋದ್ರೆ ನನ್ನ ಬೈಬೇಡಿ ಮೇಷ್ಟ್ರೇ. ಅದಕ್ಕಿಂತ ಹೊಸದೇ...”

“ಹೋದ್ರೆ ಹೋಗ್ಲಿ. ಈ ಫೋನಿನ ಮೈಕೇ ಸರಿಯಾಗಬೇಕು.”

ಒಂದೂವರೆ ಗಂಟೆಯ ನಂತರ ಅವನು ಫೋನನ್ನು ವಾಪಸ್ ಕೊಟ್ಟ. ಕ್ಯಾಮೆರಾ ತೆರೆದರೆ ಎದುರಿಗಿದ್ದ ಅವನ ಮುಖವೇ ಮಂಜು ಮಂಜು. “ಹೇಳಿದ್ನಲ್ಲ,” ಎಂದ ಅವನು, ತಾನೇ ತಪ್ಪು ಮಾಡಿದವನಂತೆ. “ಮೈಕ್ ಮಾತ್ರ ಕೂತಿದೆ. ಯಾರಿಗಾದ್ರೂ ಒಂದು ಕಾಲ್ ಮಾಡಿ ನೋಡಿ.”

ಕಾಲ್ ಮಾಡಲು ಮೇಷ್ಟ್ರಿಗೆ ಇದ್ದದ್ದು ಒಂದೇ ನಂಬರ್. ಎರಡನೇ ರಿಂಗಿಗೇ ಎತ್ತಿದಳು.

“ಅಪ್ಪ?”

ಹಿಂದೆ ಎಲ್ಲೋ ಮಗುವೊಂದು ಪಾತ್ರೆ ಬಡಿಯುತ್ತಿತ್ತು. ಮೇಷ್ಟ್ರು ಬಾಯಿ ತೆರೆದರು. ನಾಲಿಗೆಗೆ ಮೊದಲು ಬಂದದ್ದು ಅವೇ ಎರಡು ಪದ; ಅವನ್ನು ನುಂಗಿಕೊಂಡರು.

“ಅಪ್ಪ, ಕೇಳಿಸ್ತಿದೆಯಾ?”

ರಿಪೇರಿಯವನು ಗಾಬರಿಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡ. “ಆ ಕಡೆ ಕೇಳಿಸ್ತಿಲ್ವಾ? ಕೊಡಿ ಇಲ್ಲಿ, ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ.”

ಮೇಷ್ಟ್ರು ಫೋನನ್ನು ಕಿವಿಯಿಂದ ಕದಲಿಸಲಿಲ್ಲ. “ಬೇಡ ಕಣಯ್ಯ,” ಎಂದರು ಅವನ ಕಡೆ ನೋಡಿ. “ಮೈಕ್ ಸರಿಯಾಗೇ ಇದೆ. ಆವತ್ತೂ ಸರಿಯಾಗೇ ಇತ್ತು.”

ಆ ಕಡೆಯವಳು ಫೋನ್ ಇಡಲಿಲ್ಲ.