ಕೂಲಿ ಬೇಡವೆಂದ ಲಾನಿ

ಹಿಂಬಾಗಿಲು ತೆರೆದಾಗ ಅವನು ಆಗಲೇ ಹಿತ್ತಲಿನ ಎಸಿ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ವರ್ನಾಳನ್ನು ಕಂಡು ಬೆಚ್ಚಿಬಿದ್ದ.

"ಎಸಿಗೆ ಬಂದವರು ತಾನೆ?" ಅವಳು ನಕ್ಕಳು.

ಅವನು ಬೇಲಿಯತ್ತ ಒಮ್ಮೆ ನೋಡಿದ. "ಹೂಂ ಮೇಡಂ. ಎಸಿಗೇ ಬಂದೆ."

"ಫೋನಲ್ಲಿ ಮಾತಾಡಿದ ಲಾನಿ ನೀವೇ ಅಲ್ವಾ?"

"ಲಾನಿ ಅಂತಲೇ ಕರೀರಿ."

ಬಿತ್ತು ಮೀನು ಎಂದುಕೊಂಡಳು ವರ್ನಾ. ಬೇಲಿಯಾಚೆ ನಿಂತ ಅವನ ವ್ಯಾನಿನ ಮೇಲೆ ಕಸುಬಿನ ಲೈಸೆನ್ಸ್ ನಂಬರ್ ಇರಲಿ, ಅಂಗಡಿಯ ಹೆಸರೂ ಇರಲಿಲ್ಲ. ಲೈಸೆನ್ಸ್ ಇಲ್ಲದೆ ಎಸಿ, ಹೀಟರ್ ಕೆಲಸ ಹಿಡಿಯುವವರನ್ನು ಬಲೆಗೆ ಬೀಳಿಸುವುದೇ ಲೈಸೆನ್ಸ್ ಇಲಾಖೆಯಲ್ಲಿ ಅವಳ ಉದ್ಯೋಗ. ಇಂದಿನ ಬಲೆ ಈ ಮನೆ. ಮೇಲಧಿಕಾರಿಯ ಅತ್ತೆಯದು, ಅತ್ತೆ ತಂಗಿಯ ಊರಿಗೆ ಹೋಗಿದ್ದರು. ಬೆಳಿಗ್ಗೆ ಇಲಾಖೆಯವರೇ ಯಂತ್ರದ ಒಂದು ತಂತಿ ಕಿತ್ತು ಅದನ್ನು 'ಕೆಡಿಸಿ' ಇಟ್ಟಿದ್ದರು. ಸಹೋದ್ಯೋಗಿ ಕರ್ಟಿಸ್ ಅಡುಗೆಮನೆಯ ಉಗ್ರಾಣದೊಳಗೆ ಅಡಗಿ ಬೆವರುತ್ತಿದ್ದ. ಹಿಂದಿನ ಎರಡು ಬಲೆಗಳೂ ಖಾಲಿ. ಇವತ್ತೂ ಹಾಗಾದರೆ ವರ್ನಾ ಮತ್ತೆ ಕಚೇರಿಯ ಟೆಲಿಫೋನ್ ಮುಂದೆ ಕೂರಬೇಕು.

ಬೇಕಿದ್ದದ್ದು ಒಂದೇ: ಅವನ ಬಾಯಿಂದ ರೇಟು. ಕೂಲಿ ಇಷ್ಟು ಎಂದರೆ ಅಪರಾಧ. ಪುಕ್ಕಟೆ ಮಾಡಿಕೊಟ್ಟರೆ ಬರೀ ಒಳ್ಳೆಯತನ.

"ಲೈಸೆನ್ಸ್ ಇದೆಯಾ?"

"ನಾನು ಮಾಡೋ ಕೆಲಸಕ್ಕೆ ಯಾರು ಕೊಡ್ತಾರೆ ಮೇಡಂ!"

ಒಳಗೆ ಡಬ್ಬವೊಂದು ಉರುಳಿತು. ಅವನು ಕತ್ತೆತ್ತಿದ. "ಮನೇಲಿ ಬೇರೆ ಯಾರೋ ಇದ್ದಾರಾ?"

"ನಮ್ಮನೆಯವರು. ಬಿಸ್ಕತ್ತು ಹುಡುಕ್ತಿದ್ದಾರೆ. ಅಲ್ಲಾ, ನಿಮಗೆ ಅನುಭವ ಇದೆ ತಾನೆ?"

"ಈ ಬೇಸಿಗೇಲಿ ಬೇಕಾದಷ್ಟು ಮನೆ ಮುಗಿಸಿದ್ದೀನಿ. ಒಬ್ರೂ ನನ್ನೆದುರು ಬಂದು ದೂರು ಹೇಳಿಲ್ಲ."

ಚೀಲದಿಂದ ದೊಡ್ಡ ಕತ್ತರಿಯೊಂದನ್ನೂ ಎರಡು ಸ್ಪ್ಯಾನರುಗಳನ್ನೂ ತೆಗೆದ. ಮತ್ತೇನೂ ಇರಲಿಲ್ಲ. ಯಂತ್ರವನ್ನು ಸುತ್ತಿ ನೋಡಿ ಲೊಚಗುಟ್ಟಿದ. "ಇಲ್ಲಿ ಆಗೋ ಕೆಲಸ ಅಲ್ಲ. ಇಡೀ ಪೆಟ್ಟಿಗೇನೇ ತಗೊಂಡ್ಹೋಗ್ಬೇಕು."

ಒಂದು ತಂತಿಗೆ ಇಡೀ ಪೆಟ್ಟಿಗೆ! ವರ್ನಾ ಒಳಗೊಳಗೇ ಕುಣಿದಳು. "ಎಷ್ಟಾಗುತ್ತೆ?"

"ಏನು ಎಷ್ಟು?"

"ನಿಮ್ಮ ಕೂಲಿ."

"ಅಯ್ಯೋ, ಬೇಡ ಬಿಡಿ."

ವರ್ನಾ ನಿಂಬೆ ಪಾನಕ ತಂದುಕೊಟ್ಟಳು. ಅವನು ಗಟಗಟನೆ ಕುಡಿದ. ತಾಮ್ರದ ಕೊಳವೆಗಳನ್ನು ಕಚಕ್ಕೆಂದು ಕತ್ತರಿಸಿದ. ಒಳಗಿನ ಗ್ಯಾಸು ಬುಸ್ಸೆಂದು ಹೋಯಿತು. ಅದನ್ನು ಮೊದಲು ಸಿಲಿಂಡರಿಗೆ ಇಳಿಸಿಕೊಳ್ಳಬೇಕೆಂಬುದೂ ಇವನಿಗೆ ಗೊತ್ತಿಲ್ಲ. ಲೈಸೆನ್ಸ್ ಇಲ್ಲದವರ ಹಣೆಬರಹವೇ ಇಷ್ಟು, ಎಂದುಕೊಂಡಳು.

"ಪೆಟ್ರೋಲಿಗಾದ್ರೂ ಏನಾದ್ರೂ ಹೇಳಿ."

"ಇಂಥ ಬಿಸಿಲಲ್ಲಿ ನಿಮ್ಮ ಹತ್ರ ದುಡ್ಡು ಇಸ್ಕೊಂಡ್ರೆ ನಮ್ಮಮ್ಮ ನನ್ನ ಸುಮ್ನೆ ಬಿಡ್ತಾಳಾ?"

ವರ್ನಾಳ ಎದೆ ಕರಗಿತು. ಅವಳಿಗೂ ಇದೇ ವಯಸ್ಸಿನ ಮಗನಿದ್ದ. ಎಂಥವನನ್ನು ಜೈಲಿಗೆ ತಳ್ಳಲು ಹೊರಟಿದ್ದೆ!

ಕರ್ಟಿಸ್‌ನನ್ನು ಅವಳೇ ಕೂಗಿದಳು. 'ಗಂಡ' ಬಂದು ಪೆಟ್ಟಿಗೆಯ ಒಂದು ಬದಿ ಹಿಡಿದ.

"ಬೆನ್ನು ಜೋಪಾನ ಸಾರ್," ಎಂದ ಅವನು.

ಉಗ್ರಾಣದ ಬಿಸ್ಕತ್ತನ್ನೆಲ್ಲ ವರ್ನಾ ಕಟ್ಟಿಕೊಟ್ಟಳು. "ಸಂಜೆಗೆ ತರ್ತೀರಲ್ವಾ?"

"ನೀವು ಕಾಯ್ತಾ ಇರಿ ಮೇಡಂ," ಎಂದು ಅವನು ವ್ಯಾನು ಓಡಿಸಿದ.

"ಇಂಥವರೂ ಇದ್ದಾರೆ ನೋಡು," ವರ್ನಾ ಕಣ್ಣೊರೆಸಿಕೊಂಡಳು.

"ಇದ್ದಾರಮ್ಮ ತಾಯಿ. ಟೆಲಿಫೋನ್ ಮುಂದಿನ ಕುರ್ಚೀನೂ ಇದೆ, ನಿನಗೇ ಕಾಯ್ತಾ," ಎಂದ ಕರ್ಟಿಸ್, ಬೆನ್ನು ನೀವಿಕೊಳ್ಳುತ್ತ.

ಮುಂಬಾಗಿಲಿನ ಕರೆಗಂಟೆ ಮೊಳಗಿತು. ಮೆಟ್ಟಿಲ ಮೇಲೆ ಡೊಳ್ಳು ಹೊಟ್ಟೆಯ ಮನುಷ್ಯನೊಬ್ಬ ಏದುಸಿರು ಬಿಡುತ್ತ ನಿಂತಿದ್ದ.

"ತಡ ಆಯ್ತು ಮೇಡಂ, ಟೈರು ಪಂಕ್ಚರ್. ನಾನು ಲಾನಿ, ಫೋನಲ್ಲಿ ಮಾತಾಡಿದ್ನಲ್ಲ? ಲೈಸೆನ್ಸ್ ಗೀಸೆನ್ಸ್ ನನ್ನ ಹತ್ರ ಇಲ್ಲ, ಆದ್ರೆ ರೇಟು ಮೊದಲೇ ಹೇಳ್ಬಿಡ್ತೀನಿ. ಎಲ್ಲಿದೆ ನಿಮ್ಮ ಎಸಿ?"