ಚಂದ್ರನನ್ನು ಸರಿಸಿದ ಮೇಲೆ

ಕಳೆದ ಭಾನುವಾರ ಡ್ವೇನ್ ಚಂದ್ರನನ್ನು ಎತ್ತಿ ಎರಡು ಗೇಣು ಆಚೆ ಸರಿಸಿಟ್ಟಿದ್ದ. ಈ ಭಾನುವಾರ ಇನ್ನೇನು ಮಾಡುವುದೆಂದು ಮೂವರಿಗೂ ತೋಚಲಿಲ್ಲ.

ಡ್ವೇನ್ ಅಂದರೆ ನಮ್ಮೂರ ಮಾಂಸದಂಗಡಿಯಲ್ಲಿ ಸಾಸೇಜ್ ತುಂಬುವವನು. ಚಂದ್ರನನ್ನು ಎತ್ತಿದ್ದು ಆಟದಲ್ಲಿ. ಸೂಪರ್‌ಹೀರೋಗಳ ಆಟ ಅದು, ಪೂರಾ ಬಾಯಿಮಾತಿನದು. ವರ್ಲಿನ್ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೂತು ಕಥೆ ಹೇಳುತ್ತಾನೆ, ಇಕ್ಕಟ್ಟಿನ ಜಾಗಕ್ಕೆ ತಂದು ನಿಲ್ಲಿಸಿ "ಈಗೇನ್ ಮಾಡ್ತೀಯ?" ಎಂದು ಕೇಳುತ್ತಾನೆ. ಡ್ವೇನ್ ಮತ್ತು ಶಾಲೆಯ ಬಸ್ಸು ಓಡಿಸುವ ಲವೋನ್ ತಂತಮ್ಮ ಹೀರೋ ಏನು ಮಾಡುತ್ತಾನೆಂದು ಹೇಳಿ ದಾಳ ಉರುಳಿಸುತ್ತಾರೆ. ಮಿಕ್ಕವರೆಲ್ಲ ವರ್ಲಿನ್ನೇ: ಮೇಯರ್, ಕಳ್ಳ, ಕಳ್ಳನ ಸೋದರತ್ತೆ, ಅವಳ ನಾಯಿ. ಒಬ್ಬೊಬ್ಬರಿಗೆ ಒಂದೊಂದು ದನಿ. ಈ ಕಥೆ ಶುರುವಾದಾಗ ಹಿತ್ತಿಲಿನ ಓಕ್ ಮರ ಇನ್ನೂ ಬೀಜವಾಗಿ ಅಳಿಲಿನ ಬಾಯಲ್ಲಿತ್ತು.

ಆ ಚಳಿಗಾಲ ಹಿಮ ಎಷ್ಟು ಬಿದ್ದಿತ್ತೆಂದರೆ ನಮ್ಮೂರ ನಾಯಿಗಳು ಬೆಕ್ಕುಗಳ ಹಾಗೆ ಮಾಡಿನಿಂದ ಮಾಡಿಗೆ ಓಡಾಡುತ್ತಿದ್ದವು. ಡ್ವೇನ್, ಲವೋನ್ ಇಬ್ಬರೂ ಎಂದಿನಂತೆ ಹಿತ್ತಿಲ ಬಾಗಿಲಿಂದಲೇ ಬಂದಿದ್ದರು. ಗೆಳೆಯರು ಬರುವುದು ಹಾಗೆ, ಮುಂಬಾಗಿಲು ಹೊಸಬರಿಗೆ. ವರ್ಲಿನ್‌ನ ಮುಂಬಾಗಿಲು ಹಿಡಿಯವರೆಗೆ ಹಿಮದಲ್ಲಿ ಹೂತುಹೋಗಿತ್ತು.

ಲವೋನ್ ಚೀಸ್ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ತನ್ನ ಹೀರೋಗೆ ಹೊಡೆಯೋಕೆ ಇನ್ನು ಯಾರೂ ಉಳಿದಿಲ್ಲ, ಭಾನುವಾರ ಚೆಂಡು ಉರುಳಿಸಿ ಗೂಟ ಬೀಳಿಸೋ ಬೌಲಿಂಗ್ ತಂಡದವರು ಕರೀತಿದ್ದಾರೆ, ಹೋದರೂ ಹೋದೆ ಎಂದಳು. ತಟ್ಟೆಯತ್ತ ಹೋಗಿದ್ದ ವರ್ಲಿನ್‌ನ ಕೈ ಅಲ್ಲೇ ನಿಂತಿತು. ಮೇಲಿನ ಮನೆಯಲ್ಲಿ ಅವನೊಬ್ಬನೇ. ಸೋಮವಾರದಿಂದ ಶನಿವಾರದವರೆಗೆ ಅವನ ಗಂಟಲಿಗೆ ಕೆಲಸವಿಲ್ಲ.

ಅವನು ಗಡಿಬಿಡಿಯಲ್ಲಿ ಉಪಾಯವೊಂದನ್ನು ಮುಂದಿಟ್ಟ. ಹೀರೋಗಳು ಸ್ವಲ್ಪ ಮಲಗಿಕೊಳ್ಳಲಿ. ನಾವೊಂದು ಉಪಕಥೆ ಆಡೋಣ. ಡ್ವೇನ್ ಚಂದ್ರನನ್ನು ಸರಿಸಿದ ದಿನ ಕೆಳಗೆ ಊರಲ್ಲಿ ಸಾಮಾನ್ಯ ಜನ ಏನು ಮಾಡುತ್ತಿದ್ದರು, ಅದನ್ನೇ ನೋಡೋಣ. ಆಮೇಲೆ ಹೀರೋಗಳು ಎದ್ದರೆ ಅವರಿಗೂ ಹೊಸ ಹುರುಪು.

"ಹಾಗಾದ್ರೆ ಇವತ್ತು ಕಥೆ ನಾನ್ ಹೇಳ್ತೀನಿ," ಎಂದಳು ಲವೋನ್. "ನೀನ್ ಆಡು."

ವರ್ಲಿನ್ ಕನ್ನಡಕ ಸಿಗುತ್ತಿಲ್ಲವೆಂದ. ಅದು ಅವನ ಮೂಗಿನ ಮೇಲೇ ಇತ್ತು. ಡ್ವೇನ್ ದಾಳವನ್ನು ಅವನ ಮುಂದಕ್ಕೆ ನೂಕಿದ. "ಆಡೋ. ಊರಿಗೂರೇ ಆಗಿದೀಯ, ಒಬ್ಬ ಮನುಷ್ಯ ಆಗೋಕೆ ಏನ್ ರೋಗ ನಿಂಗೆ?"

ಡ್ವೇನ್ ಕಣ್ಣು ಮಿಟುಕಿಸುವುದರಲ್ಲಿ ಬೀದಿ ಬದಿ ಸಾಸೇಜ್ ಮಾರುವ ಜಗಳಗಂಟಿ ಮುದುಕಿಯಾಗಿ, ಸಾಸಿವೆ ಸಾಲದೆಂದ ಗಿರಾಕಿಯ ಜನ್ಮ ಜಾಲಾಡತೊಡಗಿದ. ವರ್ಲಿನ್ ಮಾತ್ರ ದಾಳವನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಕೊನೆಗೆ, ಒಬ್ಬ ಗಂಡಸು, ಅವನಿಗೊಂದು ಮನೆ ಇದೆ ಎಂದ. ಶಕ್ತಿ ಗಿಕ್ತಿ ಏನೂ ಬೇಡವಂತೆ.

"ಸರಿ. ಚಂದ್ರ ಜರುಗಿದಾನೆ," ಎಂದಳು ಲವೋನ್. "ಸರೋವರ ಹಿಂದಕ್ಕೆ ಹೋಗಿ ಮೀನೆಲ್ಲ ಕೆಸರಲ್ಲಿ ವಾಕಿಂಗ್ ಹೊರಟಿದಾವೆ. ಊರೆಲ್ಲ ಬೀದೀಲಿದೆ. ಈಗೇನ್ ಮಾಡ್ತೀಯ?"

"ಕಾಫಿ ಮಾಡ್ತೀನಿ."

"ಆಮೇಲೆ?"

"ಕುಡೀತೀನಿ."

"ಆಮೇಲೆ?"

ವರ್ಲಿನ್ ಯೋಚಿಸಿದ. "ಲೋಟ ತೊಳೀತೀನಿ."

ಡ್ವೇನ್ ನಗಲು ಹೊರಟವನು ಅರ್ಧಕ್ಕೇ ಬಿಟ್ಟ. ಲವೋನ್ ಬೆರಳ ಗೆಣ್ಣಿನಿಂದ ಮೇಜು ತಟ್ಟಿದಳು. "ಯಾರೋ ಬಾಗಿಲು ಬಡೀತಿದಾರೆ."

"ಹಿತ್ತಿಲ ಬಾಗಿಲಾ?"

"ಅಲ್ಲ. ಮುಂಬಾಗಿಲು."

"ತೆಗೀತೀನಿ," ಎಂದ ವರ್ಲಿನ್. ಲವೋನ್ ಬಾಯಿ ತೆರೆಯುವಷ್ಟರಲ್ಲಿ ಅವನೇ ಮೂಗಿನಲ್ಲಿ, ಯಾರೋ ಅಪರಿಚಿತನ ದನಿಯಲ್ಲಿ, "ಓ, ತಪ್ಪಾಯ್ತು, ಈ ಮನೆ ಅಲ್ಲ," ಎಂದ. ತನ್ನ ದನಿಯಲ್ಲಿ, "ಪರವಾಗಿಲ್ಲ ಬಿಡಿ," ಎಂದ. ಆಮೇಲೆ, "ಬಾಗಿಲು ಹಾಕ್ಕೋತೀನಿ," ಎಂದು ಚೀಸ್ ತಟ್ಟೆಗೆ ಕೈ ಹಾಕಿದ.

ಲವೋನ್‌ಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

"ಬಂದಿದ್ದು ಯಾರೂಂತ ನಾನ್ ಹೇಳ್ಬೇಕು ಕಣೋ," ಎಂದಳು ಮೆಲ್ಲಗೆ. "ನೀನಲ್ಲ."

ವರ್ಲಿನ್‌ನ ಕಿವಿ ಕೆಂಪಾದವು. ಅಭ್ಯಾಸಬಲ ಎಂದ. ಸಾಸೇಜ್ ಮುದುಕಿ ಸಾಸಿವೆ ಜಗಳ ಬಿಟ್ಟು ಇತ್ತ ತಿರುಗಿ ಕೂತಿದ್ದಳು.

ಲವೋನ್ ಮತ್ತೆ ಮೇಜು ತಟ್ಟಿದಳು. "ಹೋದವರು ವಾಪಸ್ ಬಂದಿದಾರೆ. ಈ ಸಲ ನೀನ್ ಬಾಯಿ ಬಿಡ್ಬೇಡ."

ವರ್ಲಿನ್ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಮೂಲೆಯ ಹೀಟರ್ ಒಂದು ಸಲ ಗುರುಗುಟ್ಟಿ ತಣ್ಣಗಾಯಿತು. ಅವನಿಗೆ ತಡೆಯಲಾಗಲಿಲ್ಲ, ಬೆರಳ ಸಂದಿಯಿಂದ ಕೇಳಿದ, "ಯಾರು?"

ಲವೋನ್ ಎದ್ದು ಕೋಟಿಗೆ ಕೈ ತೂರಿಸುತ್ತಿದ್ದಳು. "ಮುಂದಿನ್ ಭಾನುವಾರ ಹೇಳ್ತೀನಿ."

ಇಷ್ಟು ವರ್ಷ ವರ್ಲಿನ್ ಅವರಿಬ್ಬರ ಮೇಲೆ ಪ್ರಯೋಗಿಸುತ್ತಿದ್ದ ಪಟ್ಟೇ ಅದು. ಬೌಲಿಂಗ್ ಏನಾಯಿತೆಂದು ಡ್ವೇನ್ ಕೆಣಕಿದ್ದಕ್ಕೆ, ಆ ಚೆಂಡುಗಳೇನು ಓಡಿಹೋಗಲ್ಲ, ಹೋದರೂ ತಾವಾಗೇ ಉರುಳಿಕೊಂಡು ವಾಪಸ್ ಬರುತ್ತವೆ ಎಂದಳು. ಇಬ್ಬರೂ ಹಿತ್ತಿಲ ಬಾಗಿಲಿಂದ ಹೊರಟುಹೋದರು.

ಆ ವಾರವಿಡೀ ಹಿಮ ನಿಲ್ಲಲಿಲ್ಲ. ವರ್ಲಿನ್ ದಿನಾ ಬೆಳಿಗ್ಗೆ ಎದ್ದು ಕಾಫಿ ಮಾಡಿದ, ಕುಡಿದ, ಲೋಟ ತೊಳೆದ. ಆಮೇಲೆ ಸಲಿಕೆ ಹಿಡಿದು ಹೊರಗೆ ಹೋಗಿ, ಬೀದಿಯಿಂದ ಮುಂಬಾಗಿಲವರೆಗೆ ಹಿಮ ತೆಗೆದು ದಾರಿ ಬಿಡಿಸಿದ, ಒಬ್ಬರು ನಡೆದು ಬರುವಷ್ಟು ಅಗಲ.