ಸವೆದ ಮೆಟ್ಟು

ಆ ಗುರುವಿನ ವಿಷಯಕ್ಕೆ ಅವಳ ಅಪ್ಪ ಅಮ್ಮ ಜೀವಮಾನವಿಡೀ ಜಗಳವಾಡಿದ್ದರು. ಕೇರಿ ಕೇರಿಯನ್ನೂ ಕಾಲ್ನಡಿಗೆಯಲ್ಲಿ ಸುತ್ತಿದ ದೇವರು ಅಂತ ಅಮ್ಮ. ನೆಲಕ್ಕೆ ಕಾಲಿಡದ ಸೋಗಲಾಡಿ ಅಂತ ಅಪ್ಪ. ಅಮ್ಮ ಗೋಡೆಗೆ ತೂಗುಹಾಕಿದ ಪಟವನ್ನು ಅಪ್ಪ ದಿನಾ ಬೆನ್ನು ತಿರುಗಿಸಿಡುತ್ತಿದ್ದ. ಇಬ್ಬರೂ ಹೋದ ಮೇಲೆ, ಯಾರ ಮಾತು ನಿಜವೆಂದು ತಿಳಿಯಲು, ಗುರು ನಡೆದರೆನ್ನುವ ಹಾದಿಯನ್ನು ಅವಳೇ ನಡೆಯಲು ಹೊರಟಳು.

ಹನ್ನೊಂದು ದಿನ ನಡೆದಳು. ಅಂಗಾಲಿನ ಬೊಬ್ಬೆಗಳು ಒಡೆದು ಮತ್ತೆ ಎದ್ದವು. ಹರದಾರಿಗೊಮ್ಮೆ ಹಾದಿಯ ಬದಿಯಲ್ಲಿ ಹೆಗಲೆತ್ತರದ ಎರಡು ಕಲ್ಲುಗಳನ್ನು ಎದುರುಬದುರು ನೆಟ್ಟಿದ್ದರು. ಅವು ಯಾತಕ್ಕೆಂದು ಯಾರನ್ನಾದರೂ ಕೇಳುವಷ್ಟು ಉಸಿರೂ ಉಳಿದಿರಲಿಲ್ಲ. ಬೆನ್ನು ಕೊಟ್ಟು ದಣಿವಾರಿಸಿಕೊಂಡು ಮತ್ತೆ ಏಳುತ್ತಿದ್ದಳು.

ಹಾದಿಯ ಕೊನೆಗೆ ಗುರುವಿನ ಮಠ ಮುಟ್ಟಿದಾಗ ನಿಲ್ಲಲು ತ್ರಾಣವಿರಲಿಲ್ಲ. ಒಳಗೆ 'ಗುರುಗಳ ಪಾದರಕ್ಷೆ' ಎಂದು ಬರೆದ ಗಾಜಿನ ಪೆಟ್ಟಿಗೆಯಲ್ಲಿ ತೊಗಲ ಮೆಟ್ಟುಗಳಿದ್ದವು. ಹಿಮ್ಮಡಿಯಲ್ಲಿ ತೂತು ಬೀಳುವಷ್ಟು ಸವೆದಿದ್ದವು. ಮುದುಕಿಯೊಬ್ಬಳು ಗಾಜಿಗೆ ಹಣೆ ಹಚ್ಚಿ ಅಳುತ್ತಿದ್ದಳು.

ನಡೆದು ಬಂದವಳ ಎದೆ ಹಗುರಾಯಿತು. ಅಮ್ಮನೇ ಗೆದ್ದಿದ್ದಳು.

"ಎಷ್ಟೊಂದು ನಡೆದಿದ್ದಾರೆ ನೋಡಿ ಅಜ್ಜಿ," ಎಂದಳು.

"ಹೌದವ್ವಾ. ವರ್ಷಾ ವರ್ಷಾ ಬಂದು ನೋಡಿ ಹೋಗ್ತೀನಿ. ನೋಡಿದಾಗೊಮ್ಮೆ ಕರುಳು ಚುರ್ ಅಂತದ."

"ಗುರುಗಳ ಮೇಲೆ ಅಷ್ಟು ಭಕ್ತಿಯಾ?"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗುರುಗಳದೇನವ್ವಾ, ಅವರು ಪಲ್ಲಕ್ಕಿಯೊಳಗ ಕುಂತು ಬಂದವರು. ಹಾದ್ಯಾಗಿನ ಜೋಡಿಗಲ್ಲಿನ ಮ್ಯಾಲ ಪಲ್ಲಕ್ಕಿ ಇಳಿಸಿಕೋತ ಹೊತ್ತು ತಂದ ನಮ್ಮ ಮುತ್ಯಾ ಬಾಗಿಲದಾಗ ಬಿಟ್ಟ ಮೆಟ್ಟು ಇವು."